ದಿನಕ್ಕೊಂದು ಚರಣ: ಭಕ್ತಿಗೀತೆ, ಕ್ರೈಸ್ತ ಚರಿತ್ರೆಯ ನೋಟ್‌ಬುಕ್ ಇಡೋದು ಹೇಗೆ

ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಲ್ಲಿ ಬೆಳಿಗ್ಗೆ ಐದೂವರೆಗೇ ಶುರು, ಗುಲಾಬಿ ಹೂವಿನ ಮೇಲೊಂದು ಬೈಬಲ್ ವಚನ, ಸೂರ್ಯೋದಯದ ಮೇಲೊಂದು, ಪಾರಿವಾಳದ ಮೇಲೊಂದು, ಏಳು ಗಂಟೆ ಆಗೋದ್ರೊಳಗೆ ಹನ್ನೆರಡು ಬಂದಿರ್ತವೆ. ಯಾರೂ ಓದೋದಿಲ್ಲ, ಎಲ್ಲರೂ ಕೈ ಮುಗಿದ ಚಿತ್ರ ಹಾಕ್ತಾರೆ. ನಾನೂ ಹಾಕ್ತಿದ್ದೆ. ಒಂದಿನ ರಾತ್ರಿ ಊಟಕ್ಕೆ ಕೂತಾಗ ಮಗಳು ಕೇಳಿದ್ಲು, "ಪಪ್ಪಾ, ಇವತ್ತು ಎಂತ ವಚನ ಬಂದಿತ್ತು?" ಹೇಳಿ. ಹನ್ನೆರಡರಲ್ಲಿ ಒಂದೂ ನೆನಪಿಗೆ ಬರಲಿಲ್ಲ ಮಾರಾಯ್ರೆ. ಆವತ್ತೇ ಅವಳ ಹಳೇ ನೋಟ್‌ಬುಕ್ಕಲ್ಲಿ ಉಳಿದ ಖಾಲಿ ಹಾಳೆ ಹರಿದು ದಿನಕ್ಕೊಂದು ಚರಣ, ಅದರ ಹಿಂದಿನ ಕಥೆ ಬರೆಯೋಕೆ ಶುರು ಮಾಡಿದ್ದು, ಈಗ ಮೂರು ವರ್ಷ ಆಯ್ತು, ಐದನೇ ಪುಸ್ತಕ ನಡೀತಾ ಇದೆ. ಹೇಗೆ ಮಾಡ್ತೀರಿ ಅಂತ ಚರ್ಚಿನಲ್ಲಿ ಒಬ್ಬೊಬ್ಬರೇ ಕೇಳ್ತಾರೆ, ಎಲ್ಲರಿಗೂ ನಿಂತು ಹೇಳೋಕಾಗೋದಿಲ್ಲ, ಅದಕ್ಕೆ ಇದು. ನಾನು ಪಾದ್ರಿಯೂ ಅಲ್ಲ ಮೇಷ್ಟ್ರೂ ಅಲ್ಲ, ಕಾರವಾರದ ಬೈತಖೋಲ ಬಂದರದ ಹತ್ರ ಐಸ್ ಪ್ಲಾಂಟಲ್ಲಿ ಲೆಕ್ಕ ಬರೆಯೋನು, ಹಾಗಾಗಿ ದೇವಶಾಸ್ತ್ರ ಏನೂ ಇಲ್ಲ ಇದರಲ್ಲಿ, ಬರೀ ಅಭ್ಯಾಸದ ಮಾತು.

ಮೊದಲು ಹೊತ್ತು ಗೊತ್ತು ಮಾಡಿಕೊಳ್ಳಿ. ಬೆಳಿಗ್ಗೆ ಎದ್ದು ಧ್ಯಾನ ಮಾಡಿ ಅಂತ ಎಲ್ಲ ಪುಸ್ತಕದಲ್ಲೂ ಇರ್ತದೆ, ಬಂದರದಲ್ಲಿ ಕೆಲಸ ಮಾಡೋರಿಗೆ ಬೆಳಿಗ್ಗೆ ಅಂದ್ರೆ ಬೋಟು, ಮೀನು, ಐಸು, ಜಗಳ. ನನಗೆ ಆಗಿ ಬಂದದ್ದು ರಾತ್ರಿ ತೆರ್ಸ್, ಅಂದ್ರೆ ಜಪಮಾಲೆ ಪ್ರಾರ್ಥನೆ, ಮುಗಿದ ಮೇಲೆ ಕುಕ್ಕರ್ ಕೂಗೋ ತನಕದ ಹದಿನೈದು ನಿಮಿಷ. ಆಗ ಮನೆಯವರೆಲ್ಲ ಹೇಗೂ ಒಂದೇ ಕಡೆ ಕೂತಿರ್ತಾರೆ, ಟೀವಿ ಇನ್ನೂ ಹಾಕಿರೋದಿಲ್ಲ. ನಿಮ್ಮ ಮನೇಲಿ ಅಂಥ ಹದಿನೈದು ನಿಮಿಷ ಎಲ್ಲಿ ಬಿದ್ದಿದೆ ನೋಡಿ, ಅದನ್ನೇ ಹಿಡೀರಿ, ಹೊಸ ಹೊತ್ತು ಹುಟ್ಟಿಸೋಕೆ ಹೋಗಬೇಡಿ, ಒಂದು ವಾರದಲ್ಲಿ ಸಾಯ್ತದೆ.

ಎರಡನೇದು ಕ್ಯಾಲೆಂಡರ್. ವರ್ಷದ 365 ದಿನಕ್ಕೂ ಒಂದೊಂದು ಚರಿತ್ರೆ ಹುಡುಕ್ತೀನಿ ಅಂತ ಹೊರಟ್ರೆ ಜನವರಿ ಹತ್ತನೇ ತಾರೀಕಿಗೆ ಸುಸ್ತಾಗಿರ್ತೀರಿ. ವರ್ಷಕ್ಕೆ ಹತ್ತು ಹನ್ನೆರಡು ಮೊಳೆ ಹೊಡೆದರೆ ಸಾಕು, ಉಳಿದದ್ದು ಅವುಗಳ ಮಧ್ಯೆ ತನ್ನಷ್ಟಕ್ಕೆ ತೂಗ್ತದೆ. ನನ್ನ ಮೊಳೆಗಳು ಇವು. ಜನವರಿ 1, ಯಾಕಂದ್ರೆ 1773 ರ ಆ ದಿನದ ಪ್ರಾರ್ಥನೆಗಾಗಿ ಇಂಗ್ಲೆಂಡಿನ ಓಲ್ನಿ ಅನ್ನೋ ಊರಲ್ಲಿ ಜಾನ್ ನ್ಯೂಟನ್ 'ಅಮೇಜಿಂಗ್ ಗ್ರೇಸ್' ಬರೆದದ್ದು. ಜನವರಿ 16 ಗೋವಾದ ಸಂತ ಜೋಸೆಫ್ ವಾಜ್ ತೀರಿಕೊಂಡ ದಿನ, 1711. ಮೇ 6 ಕ್ಕೆ ಫ್ರಾನ್ಸಿಸ್ ಝೇವಿಯರ್ ಗೋವಾಕ್ಕೆ ಬಂದಿಳಿದದ್ದು, 1542, ಅವರ ಹಬ್ಬ ಡಿಸೆಂಬರ್ 3. ಜುಲೈ 1 ಕ್ಕೆ ಎಲ್ಲ ಕಡೆ ಪತ್ರಿಕಾ ದಿನಾಚರಣೆ ಭಾಷಣ ಇರ್ತದೆ, ಅದು 1843 ರಲ್ಲಿ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದ ದಿನ. ಸೆಪ್ಟೆಂಬರ್ 8 ತೆನೆ ಹಬ್ಬ, ಮೊಂತಿ ಫೆಸ್ತ್, ಅದಕ್ಕೆ ಹುಡುಕೋದು ಏನೂ ಬೇಡ, ಭತ್ತದ ತೆನೆ ಕೈಯಲ್ಲೇ ಇರ್ತದೆ. ಅಕ್ಟೋಬರ್ 31 ಕ್ಕೆ ಜರ್ಮನಿಯ ಮಾರ್ಟಿನ್ ಲೂಥರ್ ಚರ್ಚಿನ ತಪ್ಪುಗಳನ್ನ ಪ್ರಶ್ನಿಸಿದ್ದು, 1517, ಪ್ರೊಟೆಸ್ಟೆಂಟರ ಶುರು ಅಲ್ಲಿಂದ. ಡಿಸೆಂಬರ್ 24 ಕ್ಕೆ 'ಸೈಲೆಂಟ್ ನೈಟ್', 1818 ರಲ್ಲಿ ಆಸ್ಟ್ರಿಯಾದ ಓಬರ್ನ್‌ಡಾರ್ಫಲ್ಲಿ ಗಿಟಾರ್ ಹಿಡಿದು ಇಬ್ಬರೇ ಹಾಡಿದ್ದು, ಪದ ಯೋಸೆಫ್ ಮೋರ್ ಅನ್ನೋ ಪಾದ್ರಿಯದು, ರಾಗ ಗ್ರೂಬರ್ ಅನ್ನೋ ಮೇಷ್ಟ್ರದು. ಈಸ್ಟರ್ ಮಾತ್ರ ಮೊಳೆಗೆ ಸಿಗೋದಿಲ್ಲ, ಮಾರ್ಚ್ 22 ರಿಂದ ಏಪ್ರಿಲ್ 25 ರ ಮಧ್ಯೆ ಓಡಾಡ್ತಿರ್ತದೆ, ಹುಣ್ಣಿಮೆ ಲೆಕ್ಕ. ಪಂಚಾಂಗ ನೋಡೋ ನಮ್ಮ ಊರಲ್ಲಿ ಇದನ್ನ ಯಾರಿಗೂ ಬಿಡಿಸಿ ಹೇಳೋ ಅಗತ್ಯ ಬೀಳೋದಿಲ್ಲ.

ತಾರೀಕು ಬರೆಯುವಾಗ ಒಂದು ಹುಷಾರಿ ಇರಲಿ. ಹಳೇ ಕ್ಯಾಲೆಂಡರ್ ಬೇರೆ, ಈಗಿನದು ಬೇರೆ. ಸ್ಪೇನಿನ ಸಂತ ಆವಿಲಾದ ತೆರೆಸಾ ತೀರಿಕೊಂಡದ್ದು 1582 ಅಕ್ಟೋಬರ್ 4 ರ ರಾತ್ರಿ, ಆ ರಾತ್ರಿ ಕಳೆದು ಬೆಳಗಾದರೆ ತಾರೀಕು 15, ಮಧ್ಯದ ಹತ್ತು ದಿನ ಪೋಪ್ ಗ್ರೆಗೊರಿಯ ಹೊಸ ಲೆಕ್ಕದಲ್ಲಿ ಮಾಯ. ಅವರ ಹಬ್ಬ ಅಕ್ಟೋಬರ್ 15 ಕ್ಕೆ ಬರೋದು ಅದಕ್ಕೇ. ಇಂಗ್ಲೆಂಡಿನವರು ಈ ಲೆಕ್ಕಕ್ಕೆ ಬಂದದ್ದು 1752 ರಲ್ಲಿ, ಹಾಗಾಗಿ ಅದಕ್ಕಿಂತ ಹಿಂದಿನ ಇಂಗ್ಲಿಷ್ ಕಥೆಗಳಿಗೆ ಎರಡೆರಡು ತಾರೀಕು ಸಿಗ್ತದೆ. ಎರಡೂ ಸರಿ, ಯಾವ ಲೆಕ್ಕ ಹೇಳಿ ಪಕ್ಕದಲ್ಲಿ ಬರ್ಕೊಂಡ್ರೆ ಆಯ್ತು. ಐಸ್ ಪ್ಲಾಂಟಲ್ಲಿ ಓಪನಿಂಗ್ ಬ್ಯಾಲೆನ್ಸ್ ತಪ್ಪಿದ ಹಾಗೆ, ಒಂದು ಸಲ ತಪ್ಪಿದ್ರೆ ವರ್ಷ ಪೂರ್ತಿ ತಪ್ತದೆ.

ಇನ್ನೊಂದು ಇಂಥದೇ ಗೊಂದಲ ಬೈಬಲಿನ ಕೀರ್ತನೆಗಳ ನಂಬರಿಂದು. ಅಜ್ಜನ ಕಾಲದ ಲ್ಯಾಟಿನ್ ಪ್ರಾರ್ಥನೆ ಪುಸ್ತಕ ಇದ್ದರೆ ಅದರಲ್ಲಿ ಸತ್ತವರಿಗಾಗಿ ಹೇಳೋ 'ಅಗಾಧದೊಳಗಿಂದ' ಕೀರ್ತನೆ 129 ಅಂತಿರ್ತದೆ, ಈಗಿನ ಕನ್ನಡ ಬೈಬಲಲ್ಲಿ ಅದೇ 130. ಹಳೇದರಲ್ಲಿ ಬಹಳಷ್ಟು ಕೀರ್ತನೆಗಳ ನಂಬರು ಒಂದು ಕಡಿಮೆ. ನಾನು ಒಂದಿಡೀ ವಾರ ತಪ್ಪು ಕೀರ್ತನೆ ಓದಿ, ಎಂತ ಸಂಬಂಧನೇ ಇಲ್ಲವಲ್ಲ ಹೇಳಿ ತಲೆ ಕೆರಕೊಂಡಿದ್ದೆ.

ಮೂರನೇದು, ಮತ್ತು ಇದೇ ನಿಜವಾದ ಕೆಲಸ. ಹಾಡನ್ನ ಮೊದಲು ಹಾಡಬೇಡಿ. ರಾಗ ಬಿಟ್ಟು ಓದಿ, ಒಂದು ಚರಣ ಮಾತ್ರ, ಜೋರಾಗಿ, ಎರಡು ಸಲ. ರಾಗ ಅನ್ನೋದು ಪದಗಳನ್ನ ಹೊತ್ಕೊಂಡು ಓಡಿಬಿಡ್ತದೆ, ನಲವತ್ತು ವರ್ಷ ಹಾಡಿದ ಹಾಡಲ್ಲಿ ಎಂತ ಇದೆ ಹೇಳಿ ನಮಗೇ ಗೊತ್ತಿರೋದಿಲ್ಲ. 'ಅಬೈಡ್ ವಿತ್ ಮಿ' ತಗೊಳ್ಳಿ, ದಿಲ್ಲಿಯಲ್ಲಿ ಗಣರಾಜ್ಯೋತ್ಸವ ಮುಗಿಸೋ ಬೀಟಿಂಗ್ ರಿಟ್ರೀಟಲ್ಲಿ ವರ್ಷಗಟ್ಟಲೆ ಬಾರಿಸ್ತಿದ್ರು, 2022 ರಲ್ಲಿ ಕೈಬಿಟ್ರು, ಹಾಗಾಗಿ ಚರ್ಚಿಗೆ ಕಾಲಿಡದವರಿಗೂ ರಾಗ ಗೊತ್ತು. ಪದ ಬರೆದ ಹೆನ್ರಿ ಫ್ರಾನ್ಸಿಸ್ ಲೈಟ್ ಇದ್ದದ್ದು ಬ್ರಿಕ್ಸ್‌ಹ್ಯಾಮ್ ಅನ್ನೋ ಮೀನುಗಾರರ ಊರಲ್ಲಿ, ಇಪ್ಪತ್ತು ವರ್ಷದ ಮೇಲೆ ಅಲ್ಲೇ ಪಾದ್ರಿ, ಎದೆ ರೋಗದಿಂದ 1847 ರಲ್ಲಿ ತೀರಿಕೊಂಡ್ರು. ಈಗ ನಾವು ಹಾಡೋ ರಾಗ ಅವರು ಕೇಳಲೇ ಇಲ್ಲ, ಅದನ್ನ ವಿಲಿಯಂ ಮಂಕ್ ಕಟ್ಟಿದ್ದು 1861 ರಲ್ಲಿ. ಮೊದಲ ಸಾಲು ಎಲ್ಲಿಂದ ಬಂತು ಅಂತ ಬೈಬಲಲ್ಲಿ ಹುಡುಕಿದ್ರೆ ಲೂಕ 24:29 ಸಿಗ್ತದೆ, ಎಮ್ಮಾವುಸ್ ದಾರಿಯಲ್ಲಿ ಇಬ್ಬರು ಶಿಷ್ಯರು ಗುರುತು ಸಿಗದ ಯೇಸುವಿಗೆ, ಸಂಜೆ ಆಯ್ತು, ಕತ್ತಲಾಗ್ತಾ ಬಂತು, ನಮ್ಮಲ್ಲೇ ಉಳೀರಿ ಅನ್ನೋದು. ಇಷ್ಟು ಗೊತ್ತಾದ ಮೇಲೆ ಒಂದು ಸಂಜೆ ಬಂದರದ ಜೆಟ್ಟಿ ಮೇಲೆ ನಿಂತು ಓದಿದೆ, ಕೂರ್ಮಗಡ ದ್ವೀಪ ಆ ಕಡೆ ಕಪ್ಪಾಗ್ತಾ ಬಂದಿತ್ತು, ಒಂದೊಂದೇ ಬೋಟಿನ ಲೈಟು ಹತ್ತುತಿತ್ತು, ಲೆಕ್ಕಕ್ಕೆ ಒಂದು ಬೋಟು ಕಡಿಮೆ ಇದ್ದರೆ ಬಂದರದಲ್ಲಿ ಮಾತು ಹೇಗೆ ಸಣ್ಣ ಆಗ್ತದೆ ಅನ್ನೋದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬ್ರಿಕ್ಸ್‌ಹ್ಯಾಮಲ್ಲೂ ಅದೇ ಸಂಜೆ ತಾನೇ. ಆವತ್ತಿನ ತನಕ ನನಗದು ಬರೀ ಸತ್ತವರ ಮನೆ ಹಾಡಾಗಿತ್ತು.

ಹಾಗೇ 'ಇಟ್ ಈಸ್ ವೆಲ್' ಅನ್ನೋ ಹಾಡು, 1873 ನವೆಂಬರಲ್ಲಿ ಹಡಗು ಮುಳುಗಿ ನಾಲ್ಕೂ ಹೆಣ್ಣುಮಕ್ಕಳನ್ನ ಕಳಕೊಂಡ ಹೊರೇಷಿಯೊ ಸ್ಪಾಫರ್ಡ್ ಬರೆದದ್ದು. ಅದನ್ನ ಬಂದರದ ಮನೆಗಳಲ್ಲಿ ಓದೋ ಮುಂಚೆ ಯಾರ ಮನೆ ಹೇಳಿ ಒಂದು ಸಲ ಯೋಚನೆ ಮಾಡಿ, ಅಷ್ಟೇ ಹೇಳ್ತೀನಿ.

ನಾಲ್ಕನೇದು, ಕಥೆ ಹೌದೋ ಅಲ್ಲವೋ ನೋಡಿ. ಇದರಲ್ಲಿ ನನ್ನ ಮುಖ ಒಂದು ಸಲ ಚೆನ್ನಾಗಿ ಕೆಂಪಾಗಿದೆ. "ನನ್ನನ್ನು ನಿನ್ನ ಶಾಂತಿಯ ಸಾಧನವಾಗಿ ಮಾಡು" ಅನ್ನೋ ಪ್ರಾರ್ಥನೆಯನ್ನ ಅಸ್ಸಿಸಿಯ ಸಂತ ಫ್ರಾನ್ಸಿಸರು ಎಂಟು ನೂರು ವರ್ಷದ ಹಿಂದೆ ಬರೆದದ್ದು ಹೇಳಿ ಒಂದು ಸಭೆಯಲ್ಲಿ ಮೈಕ್ ಹಿಡಿದು ಹತ್ತು ನಿಮಿಷ ಮಾತಾಡಿದೆ, ಚಪ್ಪಾಳೆಯೂ ಬಿತ್ತು, ಕೆಳಗೆ ಇಳಿದ ಮೇಲೆ ವಯಸ್ಸಾದ ಸಿಸ್ಟರ್ ಒಬ್ಬರು ಮೆಲ್ಲಗೆ ಕೈ ಹಿಡಕೊಂಡು, "ಬಾಬಾ, ಅದು 1912 ರಲ್ಲಿ ಪ್ಯಾರಿಸಿನ ಒಂದು ಸಣ್ಣ ಪತ್ರಿಕೆಯಲ್ಲಿ ಮೊದಲು ಬಂದದ್ದು, ಫ್ರಾನ್ಸಿಸರದ್ದಲ್ಲ" ಅಂದ್ರು. ಹೋಗಿ ನೋಡಿದೆ, ಅವರು ಹೇಳಿದ್ದೇ ಸರಿ, ಬರೆದವರ ಹೆಸರೂ ಅಲ್ಲಿಲ್ಲ. ಫ್ರಾನ್ಸಿಸರದ್ದೇ ಬೇಕು ಅಂದ್ರೆ ಸೂರ್ಯನನ್ನ ಅಣ್ಣ, ನೀರನ್ನ ತಂಗಿ ಅಂತ ಕರೆಯೋ ಹಾಡಿದೆ, ಅದನ್ನ ಓದಿ. 'ಸೈಲೆಂಟ್ ನೈಟ್' ಕಥೆಯಲ್ಲೂ ಇಲಿ ಆರ್ಗನ್ ಕಡಿದು ಹಾಳು ಮಾಡ್ತು ಅಂತ ಎಲ್ಲರೂ ಹೇಳ್ತಾರೆ, ಅದಕ್ಕೆ ಆಧಾರ ಇಲ್ಲ, ಆಮೇಲೆ ಸೇರಿಸಿದ್ದು. ನೋಡೋ ವಿಧಾನ ಸುಲಭ, ಕಥೆಯಲ್ಲಿ ಊರು, ಇಸವಿ, ಮೊದಲು ಅಚ್ಚಾದ ಜಾಗ ಮೂರೂ ಇದೆಯಾ ಅಂತ ಕೇಳಿ. ಮೂರೂ ಇಲ್ಲದೆ ಬರೀ ಕಣ್ಣೀರಿದ್ದರೆ ಅನುಮಾನ ಪಡಿ.

ನಿಜ ಹುಡುಕೋಕೆ ಹೋದ್ರೆ ಕಥೆ ಸಪ್ಪೆ ಆಗ್ತದೆ ಅಂತ ಹೆದರೋರಿದ್ದಾರೆ. ನನಗೆ ಉಲ್ಟಾ ಆಗಿದೆ. ನ್ಯೂಟನ್ ಕಥೆಯನ್ನ ನಾವು ಹೇಗೆ ಕೇಳಿದ್ದು? ಗುಲಾಮರ ಹಡಗಿನ ಕ್ಯಾಪ್ಟನ್, ಬಿರುಗಾಳಿ, ದೇವರೇ ಕಾಪಾಡು ಅಂದ, ಮರುದಿನವೇ ಧಂದೆ ಬಿಟ್ಟ, ಹಾಡು ಬರೆದ. ಹಾಗಲ್ಲ ಅದು. 1748 ಮಾರ್ಚಲ್ಲಿ, ಈಗಿನ ಲೆಕ್ಕದಲ್ಲಿ 21 ನೇ ತಾರೀಕು, ಗ್ರೇಹೌಂಡ್ ಅನ್ನೋ ವ್ಯಾಪಾರಿ ಹಡಗಲ್ಲಿ ಅವನಿನ್ನೂ ಕ್ಯಾಪ್ಟನ್ ಅಲ್ಲ, ಇಪ್ಪತ್ತೆರಡು ವರ್ಷದ ಪಡ್ಡೆ ಹುಡುಗ, ಬಾಯಿ ತೆಗೆದ್ರೆ ಬೈಗುಳ. ರಾತ್ರಿ ನೀರು ನುಗ್ಗಿತು. ಬೆಳಗಿನ ಜಾವ ಮೂರಕ್ಕೆ ಪಂಪಿಗೆ ನಿಂತವನು ಮಧ್ಯಾಹ್ನದ ಹತ್ತಿರದ ತನಕ ಬಿಡಲಿಲ್ಲ, ಆಮೇಲೆ ಮಧ್ಯರಾತ್ರಿ ವರೆಗೆ ಚುಕ್ಕಾಣಿ. ಹಡಗು ಮುಳುಗದೇ ಇದ್ದದ್ದಕ್ಕೆ ಒಂದು ಕಾರಣವನ್ನ ಅವನೇ ಬರೆದಿಟ್ಟಿದ್ದಾನೆ, ಒಳಗೆ ತುಂಬಿದ್ದ ಸರಕಲ್ಲಿ ಹೆಚ್ಚಿನದು ಜೇನುಮೇಣ ಮತ್ತು ನೀರಿಗಿಂತ ಹಗುರದ ಮರ. ಆವತ್ತು ದೇವರನ್ನ ಕರೆದದ್ದು ಹೌದು, ಬದುಕಿರೋ ತನಕ ಆ ತಾರೀಕನ್ನ ಆಚರಿಸಿದ್ದೂ ಹೌದು. ಆದ್ರೆ ಗುಲಾಮರ ಹಡಗಿಗೆ ಕ್ಯಾಪ್ಟನ್ ಆದದ್ದೇ ಅದರ ಆಮೇಲೆ, 1750 ರಿಂದ 54 ರ ತನಕ ಮೂರು ಯಾತ್ರೆ ಮಾಡಿದ, ಕೆಳಗೆ ಸರಪಳಿಯಲ್ಲಿ ಮನುಷ್ಯರು, ಮೇಲೆ ಇವನ ಪ್ರಾರ್ಥನೆ. ಸಮುದ್ರ ಬಿಟ್ಟದ್ದು ಕೂಡ ಕಾಯಿಲೆ ಬಿದ್ದು. ಆ ಧಂದೆ ಪಾಪ ಹೇಳಿ ಅಚ್ಚು ಹಾಕಿಸಿ ಹೇಳಿದ್ದು 1788 ರಲ್ಲಿ, ಬಿರುಗಾಳಿಯಿಂದ ನಲವತ್ತು ವರ್ಷ ಆಗಿತ್ತು. 1807 ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮರ ವ್ಯಾಪಾರ ನಿಲ್ಲಿಸ್ತು, ಅದೇ ವರ್ಷ ಡಿಸೆಂಬರಲ್ಲಿ ಅವನು ತೀರಿಕೊಂಡ. ಹಾಡಿನ ಕೊನೆಗೆ ಎಲ್ಲರೂ ಹಾಡೋ 'ಹತ್ತು ಸಾವಿರ ವರ್ಷ' ಚರಣ ಅವನದ್ದಲ್ಲವೇ ಅಲ್ಲ, ಬೇರೆ ಹಾಡಿಂದ ಅಂಟಿಕೊಂಡದ್ದು, ಈಗಿನ ರಾಗ ಸೇರಿದ್ದು 1835 ರಲ್ಲಿ ಅಮೆರಿಕದಲ್ಲಿ. ಈಗ ಹೇಳಿ, ಯಾವ ಕಥೆ ಸಪ್ಪೆ? ಮರುದಿನವೇ ಬದಲಾದವನು ನನಗೆ ಸಂಬಂಧ ಇಲ್ಲದ ಮನುಷ್ಯ. ನಲವತ್ತು ವರ್ಷ ತಗೊಂಡವನು ನನ್ನ ಪಕ್ಕದ ಬೆಂಚಲ್ಲೇ ಕೂತಿರೋನು.

ಐದನೇದು, ವಾರಕ್ಕೊಂದು ದಿನ ನಮ್ಮ ಊರಿಗೆ ಬನ್ನಿ. ಬರೀ ಇಂಗ್ಲೆಂಡು ಜರ್ಮನಿ ಮಾಡ್ತಾ ಕೂತ್ರೆ ಭಕ್ತಿ ಅಂದ್ರೆ ಹಡಗಲ್ಲಿ ಬಂದ ಸರಕು ಅಂತ ಮಕ್ಕಳಿಗೆ ಅನಿಸಿಬಿಡ್ತದೆ. ನಮ್ಮ ಅಜ್ಜಿ ರೋಸ್ ದಿನ, ಮದುಮಗಳಿಗೆ ತೆಂಗಿನ ಹಾಲು ಹಚ್ಚುವಾಗ, ವೋವಿಯೊ ಅನ್ನೋ ಹಾಡು ಹೇಳ್ತಿದ್ಲು, ಮೂರು ಸಾಲು ಉದ್ದ, ಕೊನೇದು ಗಿಡ್ಡ. ಅದು ಬೀಸೋ ಕಲ್ಲಿನ ಹಾಡಿನ ಓವಿಯೇ ಅಂತ ನನಗೆ ಬಹಳ ತಡವಾಗಿ ಗೊತ್ತಾಯ್ತು. ಅದೇ ಓವಿಯಲ್ಲಿ ಥಾಮಸ್ ಸ್ಟೀಫನ್ಸ್ ಅನ್ನೋ ಇಂಗ್ಲಿಷ್ ಜೆಸುಯಿಟ್ ಪಾದ್ರಿ 'ಕ್ರಿಸ್ತಪುರಾಣ' ಬರೆದದ್ದು, ಹನ್ನೊಂದು ಸಾವಿರದ ಹತ್ತಿರ ಓವಿ, ಭಾಷೆ ಕೊಂಕಣಿ ಬೆರೆತ ಮರಾಠಿ, 1616 ರಲ್ಲಿ ಗೋವಾದ ರಾಚೋಲಲ್ಲಿ ಅಚ್ಚಾಯ್ತು. ಕಾರವಾರದಿಂದ ಬಸ್ಸಲ್ಲಿ ಬೆಳಿಗ್ಗೆ ಹೊರಟ್ರೆ ಮಧ್ಯಾಹ್ನದ ಊಟಕ್ಕೆ ವಾಪಸ್ ಬರೋಷ್ಟು ದೂರ. ಕಲ್ಲುಗಳ ಮಧ್ಯೆ ರತ್ನ ಹೇಗೋ ಭಾಷೆಗಳ ಮಧ್ಯೆ ಮರಾಠಿ ಹಾಗೆ ಅಂತ ಹೊಗಳಿದವನು, ಕೊಂಕಣಿಗೆ ವ್ಯಾಕರಣ ಬರೆದವನು. ಅದೇ ಗೋವಾದಲ್ಲಿ 1684 ರಲ್ಲಿ ಪೋರ್ಚುಗೀಸ್ ವೈಸರಾಯ್ ಆಜ್ಞೆ ಹೊರಡಿಸ್ತಾನೆ, ಮೂರು ವರ್ಷದೊಳಗೆ ಜನ ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತಾಡಬೇಕು ಹೇಳಿ. ಇದನ್ನೂ ಬರೆಯಿರಿ ಪುಸ್ತಕದಲ್ಲಿ, ಮುಚ್ಚಿಡಬೇಡಿ. ಆ ಆಜ್ಞೆ ಎಷ್ಟು ನಡೀತು ಅನ್ನೋದಕ್ಕೆ ನಮ್ಮ ಮನೆಯ ತೆರ್ಸೇ ಸಾಕ್ಷಿ, ಇವತ್ತಿಗೂ ಕೊಂಕಣಿಯಲ್ಲೇ ಆಗ್ತದೆ. ಜೋಸೆಫ್ ವಾಜ್ ಕೂಡ ಅದೇ ಕಾಲದವರು, ಗೋವಾದ ಬೆಣವಲಿಯವರು, 1681 ರಿಂದ ಮೂರು ವರ್ಷ ನಮ್ಮ ಕೆನರಾ ಕರಾವಳಿಯಲ್ಲಿ ತಿರುಗಿ ಆಮೇಲೆ ಶ್ರೀಲಂಕಾಕ್ಕೆ ಹೋದವರು, 2015 ರ ಜನವರಿಯಲ್ಲಿ ಕೊಲಂಬೊದಲ್ಲಿ ಅವರನ್ನ ಸಂತ ಅಂತ ಘೋಷಿಸಿದ್ರು.

ಪ್ರೊಟೆಸ್ಟೆಂಟ್ ಕಡೆಯದು ಬೇಕಾದ್ರೆ ತಲೆ ಎತ್ತಿ ಮನೆಯ ಮಾಡು ನೋಡಿ. ನಮ್ಮ ಅಡುಗೆ ಮನೆ ಹಂಚು ಸೋರ್ತದೆ ಹೇಳಿ ಕಳೆದ ಮೇ ತಿಂಗಳು ಇಳಿಸಿದಾಗ, ಮಸಿ ಒರೆಸಿದ್ರೆ ಕೆಳಗೆ ಬಾಸೆಲ್ ಮಿಷನ್ ಮುದ್ರೆ. 1865 ರಲ್ಲಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಹಾಕಿದವರು ಅವರೇ, 1834 ರಲ್ಲಿ ಬಂದವರು. ಅದೇ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ 1894 ರ ನಿಘಂಟಿಗೆ ಹೆಸರಾದವರು, ಆದ್ರೆ ಅದಕ್ಕೂ ಮುಂಚೆ 1862 ರಲ್ಲಿ ಕ್ರಿಸ್ತನ ಕಥೆಯನ್ನ ನಮ್ಮ ಛಂದಸ್ಸಲ್ಲೇ 'ಕಥಾಮಾಲೆ' ಅಂತ ಪದ್ಯ ಮಾಡಿದ್ರು, ಅದನ್ನ ಯಾರೂ ನೆನೆಯೋದಿಲ್ಲ. ಕನ್ನಡದ ಕವಿಗಳಲ್ಲಿ ಗೋವಿಂದ ಪೈಯವರ 'ಗೊಲ್ಗೊಥಾ' ಗುಡ್ ಫ್ರೈಡೇ ವಾರಕ್ಕೆ ಇಟ್ಕೊಳ್ಳಿ, ಪದ ಕಷ್ಟ ಇದೆ, ದಿನಕ್ಕೆ ಎಂಟು ಹತ್ತು ಸಾಲಿಗಿಂತ ಹೆಚ್ಚು ಓದಬೇಡಿ. ಮರಾಠಿ ಬರೋರು ನಾರಾಯಣ ವಾಮನ ತಿಲಕರ ಅಭಂಗ ಓದಬಹುದು, ಕ್ರೈಸ್ತರಾದ ಮೇಲೂ ತುಕಾರಾಮರ ದಾರಿ ಬಿಡದವರು.

ಆರನೇದು ಬರೆಯೋದು. ಉದ್ದ ಬರೀಬೇಡಿ. ಒಂದು ಪುಟದ ಮೇಲೆ ಹೋದ್ರೆ ಅದು ಪ್ರಸಂಗ ಆಗ್ತದೆ, ಪ್ರಸಂಗಕ್ಕೆ ಭಾನುವಾರ ಬೇರೆಯವರಿದ್ದಾರೆ. ತಾರೀಕು, ಓದಿದ ಸಾಲು, ಅದರ ಹಿಂದಿನ ಸಂಗತಿ ಒಂದು, ಇವತ್ತು ನಾನು ಕಂಡದ್ದು ಒಂದು, ಮುಗೀತು. ಪಕ್ಕದ ಅಂಕೋಲೆಯ ದಿನಕರ ದೇಸಾಯರು ನಾಲ್ಕೇ ಸಾಲಲ್ಲಿ ಜಗತ್ತನ್ನೆಲ್ಲ ಹಿಡಿದವರು, ನಮಗೆ ಐದು ಸಾಲು ಸಾಲೋದಿಲ್ಲವಾ? ಒಂದಿನ ಹುಮ್ಮಸ್ಸಲ್ಲಿ ನಾನೂ ನ್ಯೂಟನ್ ಮೇಲೆ ಚುಟುಕ ಕಟ್ಟಿದೆ,

ತೂತಾದ ಹಡಗು, ಒಳಗೆ ಜೇನುಮೇಣ
ಅದರಿಂದ ಉಳೀತು ನ್ಯೂಟನ್ ಪ್ರಾಣ
ದೇವರ ಕರೆಯೋಕೆ ಸಾಕಾಯ್ತು ಕ್ಷಣ
ಧಂದೆ ಬಿಡೋಕೆ ಹಿಡೀತು ಆರು ವರ್ಷ ಅಣ್ಣ

"ಕೊನೇ ಸಾಲು ಬೀಳ್ತದೆ ಪಪ್ಪಾ, ಅಣ್ಣ ಯಾರು?" ಅಂದ್ಲು ಮಗಳು. ಇರಲಿ, ಆವತ್ತಿಂದ ಅವಳಿಗೆ ನ್ಯೂಟನ್ ಮರೀಲಿಲ್ಲ, ಸ್ಕೂಲಲ್ಲಿ ಸೇಬಿನ ನ್ಯೂಟನ್ ಬಂದಾಗ ಮಾತ್ರ ಸ್ವಲ್ಪ ಗಲಾಟೆ ಆಯ್ತು.

ಓದಿ ಹೇಳೋದಾದ್ರೆ ಮನೆಯವರ ಮುಂದೆ ಮಾತ್ರ, ಅದೂ ಎರಡು ನಿಮಿಷ. ನಮ್ಮ ಪಕ್ಕದ ಮನೆ ನಾಯ್ಕ ಮಾಮ ಕೆಲವು ಸಲ ಜಗಲಿ ಮೇಲೆ ಕೂತಿರ್ತಾರೆ, ಕಥೆ ಕೇಳ್ತಾರೆ, ಚೆನ್ನಾಗಿದ್ರೆ "ಹೌದನಾ!" ಅಂತಾರೆ, ಇಲ್ಲಾಂದ್ರೆ ಬೀಡಿ ಹಚ್ತಾರೆ. ನನ್ನ ಪುಸ್ತಕಕ್ಕೆ ಅವರೇ ಪರೀಕ್ಷೆ. ಯಾರಿಗಾದ್ರೂ ಉಪದೇಶ ಮಾಡೋಕೆ ಈ ಪುಸ್ತಕ ಅಂತ ಹೊರಟ ದಿನ ಬರವಣಿಗೆ ಕೆಡ್ತದೆ, ನಾನು ನೋಡಿದ್ದೀನಿ ನನ್ನದೇ ಎರಡನೇ ಪುಸ್ತಕದಲ್ಲಿ. ಮತ್ತೆ ಈಚೆಗೆ ಬಂದ ಕನ್ನಡ ಭಕ್ತಿಗೀತೆಗಳನ್ನ ಪೂರ್ತಿ ನಕಲು ಮಾಡಿ ಹಂಚಬೇಡಿ, ಬರೆದವರು ತೀರಿ ಅರವತ್ತು ವರ್ಷ ಆಗೋ ತನಕ ಹಕ್ಕು ಅವರ ಕಡೆಯವರದ್ದು. ನಿಮ್ಮ ನೋಟ್‌ಬುಕ್ಕಿಗೆ ಒಂದೆರಡು ಸಾಲು ಬರ್ಕೊಂಡ್ರೆ ಯಾರೂ ಕೇಳೋದಿಲ್ಲ.

ದಿನ ತಪ್ಪಿದ್ರೆ ಹಿಂದಿನದನ್ನ ತುಂಬಿಸೋಕೆ ಹೋಗಬೇಡಿ, ಖಾಲಿ ಬಿಟ್ಟು ಇವತ್ತಿಂದು ಬರೀರಿ. ಆಗಸ್ಟ್ ಒಂದಕ್ಕೆ ಟ್ರಾಲ್ ಬೋಟುಗಳಿಗೆ ನಿಷೇಧ ಮುಗಿದು ಬಂದರ ಶುರುವಾದ್ರೆ ನನಗೆ ಹದಿನೈದು ದಿನ ಪುಸ್ತಕ ಮುಟ್ಟೋಕಾಗೋದಿಲ್ಲ, ಪ್ರತಿ ವರ್ಷ ಅಲ್ಲೊಂದು ಬಿಳಿ ಪಟ್ಟಿ ಇದೆ. ಜೂನ್ ಜುಲೈ ಉಲ್ಟಾ, ಐಸಿಗೆ ಗಿರಾಕಿ ಇಲ್ಲ, ದಿನಕ್ಕೆ ಎರಡೆರಡು ಪುಟ ಆಗ್ತದೆ, ಉದ್ದದ ಕೆಲಸ ಇದ್ರೆ ಆ ಎರಡು ತಿಂಗಳಿಗೆ ಎತ್ತಿಡಿ.

ಪೆನ್ನು ಬಾಲ್ ಪೆನ್ನೇ ಆಗಬೇಕು. ಮೊದಲನೇ ಪುಸ್ತಕ ನಾನು ಜೆಲ್ ಪೆನ್ನಲ್ಲಿ ಚಂದ ಮಾಡಿ ಬರೆದಿದ್ದೆ, ಜುಲೈ ಮಳೆಗೆ ಆ ಒಡೆದ ಹಂಚಿನ ಕೆಳಗೇ ಇತ್ತು, ಫೆಬ್ರವರಿಯಿಂದ ಏಪ್ರಿಲ್ ಪೂರ್ತಿ ನೀಲಿ ನೀರಾಗಿ ಹೋಯ್ತು, ಈಸ್ಟರಿಗೆ ಮುಂಚಿನ ತಪಸ್ಸು ಕಾಲದ್ದು ಒಂದು ಪುಟ ಉಳೀಲಿಲ್ಲ. ಈಗ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಒಳಗೆ ಎರಡು ಕರ್ಪೂರ ಹಾಕಿ, ಒಲೆ ಮೇಲಿನ ಅಟ್ಟದಲ್ಲಿ ಒಣಮೀನಿನ ಡಬ್ಬಿಯಿಂದ ಸ್ವಲ್ಪ ದೂರ ಇಡ್ತೀನಿ. ದೂರ ಇಟ್ರೂ ವಾಸನೆ ಹಿಡೀತದೆ.